ಬೇರೆ ಮನೆ ಮಾಡಬೇಕು, ಸಂಘದಲ್ಲೂ ಇರಬೇಕು: ಸ್ಕಾಟ್ಲೆಂಡ್ ಕೇಳುತ್ತಿರುವುದೇನು?

2014ರ ಸೆಪ್ಟೆಂಬರ್ 18. ಅಂದು ಸ್ಕಾಟ್ಲೆಂಡಿನ ಮತಗಟ್ಟೆಗಳಲ್ಲಿ ಕೊಟ್ಟ ಚೀಟಿಯಲ್ಲಿ ಒಂದೇ ಒಂದು ಪ್ರಶ್ನೆ ಇತ್ತು: ‘ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ?’ ಕೆಳಗೆ ಎರಡು ಚೌಕ. ಹೌದು, ಇಲ್ಲ.

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಗ್ಲಾಸ್ಗೋದಲ್ಲೋ ರಾಜಧಾನಿ ಎಡಿನ್‌ಬರೋದಲ್ಲೋ ಕೆಲಸ ಮಾಡುತ್ತಿದ್ದ ಕನ್ನಡಿಗರಿಗೂ ಅಂದು ಮತ ಹಾಕುವ ಹಕ್ಕಿತ್ತು. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಅಲ್ಲಿ ಕಾನೂನು ಪ್ರಕಾರ ನೆಲೆಸಿದ್ದರೆ ಸಾಕಿತ್ತು. ಪೋಲೆಂಡ್, ಫ್ರಾನ್ಸ್‌ನಿಂದ ಬಂದು ನೆಲೆಸಿದವರಿಗೂ ಹಕ್ಕಿತ್ತು. 16 ವರ್ಷದ ಹುಡುಗ ಹುಡುಗಿಯರಿಗೂ ಇತ್ತು. ಆದರೆ ಸ್ಕಾಟ್ಲೆಂಡಿನಲ್ಲೇ ಹುಟ್ಟಿ ಬೆಳೆದು, ಈಗ ಲಂಡನ್ನಿನಲ್ಲಿ ಮನೆ ಮಾಡಿಕೊಂಡಿದ್ದವರಿಗೆ ಇರಲಿಲ್ಲ. ಯಾರ ರಕ್ತ ಯಾವುದು ಅಂತ ಯಾರೂ ನೋಡಲಿಲ್ಲ. ಈ ನೆಲದಲ್ಲಿ ಬದುಕುತ್ತಿದ್ದೀರಾ, ಹಾಗಾದರೆ ಇದರ ಭವಿಷ್ಯದಲ್ಲಿ ನಿಮಗೂ ಮಾತಿದೆ. ಅಷ್ಟೇ ಲೆಕ್ಕ. ಪ್ರತ್ಯೇಕತೆ ಎಂದ ಕೂಡಲೇ ದ್ವೇಷವನ್ನೇ ನೆನೆಯುವ ನಮಗೆ ಈ ಒಂದು ಸಂಗತಿಯೇ ಯೋಚನೆಗೆ ಹಚ್ಚುತ್ತದೆ. ನನಗಂತೂ ಹಚ್ಚಿತು.

ಇನ್ನೊಂದು ಸಂಗತಿ ಇನ್ನೂ ಗೊಂದಲ ಹುಟ್ಟಿಸುತ್ತದೆ. ‘ಹೌದು’ ಎನ್ನುತ್ತಿದ್ದವರು ಬ್ರಿಟನ್ ಎಂಬ ಒಕ್ಕೂಟದಿಂದ ಹೊರಬರಬೇಕು ಎನ್ನುತ್ತಿದ್ದರು. ಅದೇ ಉಸಿರಿನಲ್ಲಿ, ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕು ಎಂದೂ ಹೇಳುತ್ತಿದ್ದರು. ಒಂದು ಒಕ್ಕೂಟ ಬೇಡ, ಇನ್ನೊಂದು ಬೇಕು. ಲಂಡನ್ ಮಾಡುವ ಕಾನೂನು ಬೇಡ ಎನ್ನುವವರು ಐರೋಪ್ಯ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ಆಗುವ ಕಾನೂನನ್ನು ಒಪ್ಪುತ್ತಾರಾ? ಹಾಗಾದರೆ ಅದು ಎಂಥ ಸ್ವಾತಂತ್ರ್ಯ?

ಈ ಪ್ರಶ್ನೆಗೆ ಉತ್ತರ ಇದೆ. ಅದನ್ನು ನಮ್ಮೂರಿನ ಹಾಲಿನ ಡೇರಿಯಿಂದ ಶುರು ಮಾಡಿದರೆ ಸುಲಭ.

ಒಂದು ಕೂಡು ಕುಟುಂಬ ಇದೆ ಎಂದುಕೊಳ್ಳಿ. ನಾಲ್ಕು ಜನ ಅಣ್ಣತಮ್ಮಂದಿರು. ದೊಡ್ಡಣ್ಣನ ಸಂಸಾರ ದೊಡ್ಡದು, ಮನೆಯಲ್ಲಿ ಅವನ ಮಾತೇ ನಡೆಯುತ್ತದೆ. ಊರಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘ ಇದೆ. ಒಂದು ಮನೆಗೆ ಒಂದೇ ಸದಸ್ಯತ್ವ ಎಂಬುದು ಅಲ್ಲಿನ ನಿಯಮ. ನಾಲ್ಕೂ ಜನ ಹಾಲು ಹಾಕುತ್ತಾರೆ, ಆದರೆ ಪಾಸ್‌ಬುಕ್ ಇರುವುದು ದೊಡ್ಡಣ್ಣನ ಹೆಸರಲ್ಲಿ. ಸಂಘದ ಸಭೆಗೆ ಹೋಗುವವನು, ಕೈ ಎತ್ತುವವನು ಅವನೇ. ಚಿಕ್ಕ ತಮ್ಮನಿಗೆ ಸಂಘದ ಮೇಲೆ ಸಿಟ್ಟಿಲ್ಲ. ಅವನ ಹೆಸರಲ್ಲಿ ಒಂದು ಪಾಸ್‌ಬುಕ್ ಬೇಕು. ಅದು ಬೇಕೆಂದರೆ ಬೇರೆ ಒಲೆ ಹೂಡಬೇಕು.

ಬ್ರಿಟನ್ ಆ ಕೂಡು ಕುಟುಂಬ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಅಣ್ಣತಮ್ಮಂದಿರು. ಐರೋಪ್ಯ ಒಕ್ಕೂಟ ಆ ಹಾಲಿನ ಸಂಘ. ಅಲ್ಲಿ ಸದಸ್ಯತ್ವ ಸಿಗುವುದು ದೇಶಗಳಿಗೆ ಮಾತ್ರ, ಪ್ರಾಂತಗಳಿಗಲ್ಲ.

ಇವರು ಒಂದು ಮನೆಯಾದದ್ದು ಹೇಗೆ ಎಂಬುದನ್ನೂ ನೋಡಬೇಕು. 1603ರಲ್ಲಿ ಸ್ಕಾಟ್ಲೆಂಡಿನ ರಾಜ ಆರನೇ ಜೇಮ್ಸ್ ಇಂಗ್ಲೆಂಡಿಗೂ ರಾಜನಾದ. ರಾಜ ಒಬ್ಬನೇ, ದೇಶ ಮತ್ತು ಸಂಸತ್ತು ಬೇರೆ ಬೇರೆ. ಹೀಗೆ ನೂರು ವರ್ಷ ನಡೆಯಿತು. 1690ರ ದಶಕದ ಕೊನೆಗೆ ಸ್ಕಾಟ್ಲೆಂಡಿನವರು ಪನಾಮಾದ ಡೇರಿಯನ್ ಎಂಬಲ್ಲಿ ವಸಾಹತು ಕಟ್ಟಲು ಹೊರಟರು. ದೇಶದ ಕೈಯಲ್ಲಿದ್ದ ದುಡ್ಡಿನ ದೊಡ್ಡ ಪಾಲನ್ನು ಅದಕ್ಕೆ ಸುರಿದರು. ಜ್ವರ, ಹಸಿವು, ಸ್ಪೇನ್‌ನವರ ದಾಳಿಗೆ ಸಿಕ್ಕಿ 1700ರ ಹೊತ್ತಿಗೆ ಎಲ್ಲ ಮುಳುಗಿತು. ಸಾಲದಲ್ಲಿದ್ದ ಆ ದೇಶದ ಮುಂದೆ ಇಂಗ್ಲೆಂಡ್ ಒಂದು ಒಪ್ಪಂದ ಇಟ್ಟಿತು. ಎರಡು ಸಂಸತ್ತು ಸೇರಿ ಒಂದಾಗಬೇಕು. ಬದಲಿಗೆ 3,98,085 ಪೌಂಡ್ ಪರಿಹಾರ ಮತ್ತು ಇಂಗ್ಲೆಂಡಿನ ವಸಾಹತುಗಳಲ್ಲಿ ವ್ಯಾಪಾರ ಮಾಡಲು ದಾರಿ. 1707ರ ಮೇ 1ರಂದು ಗ್ರೇಟ್ ಬ್ರಿಟನ್ ಹುಟ್ಟಿತು. ಸ್ಕಾಟ್ಲೆಂಡ್ ತನ್ನ ಕಾನೂನು ಪದ್ಧತಿ, ಚರ್ಚು, ಶಿಕ್ಷಣ ಈ ಮೂರನ್ನೂ ಬಿಟ್ಟುಕೊಡಲಿಲ್ಲ. ಮುನ್ನೂರು ವರ್ಷ ಕಳೆದರೂ ತಾವೊಂದು ದೇಶ ಎಂಬ ಭಾವನೆ ಅಲ್ಲಿನವರಲ್ಲಿ ಆರದೆ ಉಳಿಯಲು ಇದೂ ಒಂದು ಮುಖ್ಯ ಕಾರಣ.

ಆ ವ್ಯಾಪಾರದ ದಾರಿ ನಮ್ಮ ಮನೆ ಬಾಗಿಲಿಗೂ ಬಂತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಸೈನ್ಯದ ಮುಂದಿದ್ದ ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. ಮರುವರ್ಷ ಮೈಸೂರು ಸೀಮೆಯಲ್ಲೆಲ್ಲ ಓಡಾಡಿ ಬೆಳೆ, ಬೆಲೆ, ಜಾತಿ, ಕಸುಬು ಬರೆದುಕೊಂಡ ಫ್ರಾನ್ಸಿಸ್ ಬುಕಾನನ್ ಅಲ್ಲಿಯವನೇ. ಮೈಸೂರಿನ ಸರ್ವೆ ಮಾಡಿ, ನಮ್ಮ ಊರುಗಳ ಕೈಫಿಯತ್ತುಗಳನ್ನು ಗುಡ್ಡೆ ಹಾಕಿದ ಕಾಲಿನ್ ಮೆಕೆಂಜಿ, ಸ್ಕಾಟ್ಲೆಂಡಿನ ಪಡುವಣ ದ್ವೀಪಗಳಲ್ಲಿರುವ ಸ್ಟಾರ್ನೊವೇ ಎಂಬ ಪುಟ್ಟ ಊರಿನವನು. ಒಕ್ಕೂಟದಿಂದ ಸ್ಕಾಟ್ಲೆಂಡಿಗೆ ಲಾಭವೇ ಆಗಲಿಲ್ಲ ಎನ್ನುವವರು ಈ ಪಟ್ಟಿ ನೋಡಬೇಕು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಅವರು ಸಿಪಾಯಿಗಳಷ್ಟೇ ಆಗಿರಲಿಲ್ಲ, ಪಾಲುದಾರರೂ ಆಗಿದ್ದರು. ಸಾಮ್ರಾಜ್ಯ ಕರಗಿದ ಮೇಲೆಯೇ ‘ಈ ಮನೆಯಲ್ಲಿ ನಮಗೇನು ಉಳಿದಿದೆ’ ಎಂಬ ಮಾತು ಜೋರಾದದ್ದು ಸುಮ್ನೆ ಅಲ್ಲ.

ಸ್ಕಾಟಿಷ್ ನ್ಯಾಷನಲ್ ಪಾರ್ಟಿ, ಅಂದರೆ ಎಸ್‌ಎನ್‌ಪಿ, ಹುಟ್ಟಿದ್ದು 1934ರಲ್ಲಿ. ಬಹಳ ಕಾಲ ಅದನ್ನು ಯಾರೂ ಗಟ್ಟಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1967ರಲ್ಲಿ ಹ್ಯಾಮಿಲ್ಟನ್ ಉಪಚುನಾವಣೆಯಲ್ಲಿ ಆ ಪಕ್ಷದ ವಿನ್ನಿ ಯೂಯಿಂಗ್ ಗೆದ್ದರು. 1970ರಲ್ಲಿ ಉತ್ತರ ಸಮುದ್ರದಲ್ಲಿ ಫೋರ್ಟೀಸ್ ಎಂಬ ಭಾರಿ ತೈಲ ನಿಕ್ಷೇಪ ಸಿಕ್ಕಿತು. ‘ಇದು ಸ್ಕಾಟ್ಲೆಂಡಿನ ಎಣ್ಣೆ’ ಎಂಬ ಘೋಷಣೆ ಹುಟ್ಟಿತು. ಗಮನಿಸಿ, ಆಗ ಈ ಪಕ್ಷಕ್ಕೆ ಯುರೋಪ್ ಬೇಡವಾಗಿತ್ತು. 1975ರಲ್ಲಿ ಬ್ರಿಟನ್ ಯುರೋಪಿನ ಸಾಮಾನ್ಯ ಮಾರುಕಟ್ಟೆಯಲ್ಲಿ ಉಳಿಯಬೇಕೇ ಎಂಬ ಜನಮತಗಣನೆ ನಡೆದಾಗ ಎಸ್‌ಎನ್‌ಪಿ ‘ಬೇಡ’ ಎಂದು ಪ್ರಚಾರ ಮಾಡಿತು. ಇಡೀ ಬ್ರಿಟನ್ನಿನಲ್ಲಿ ‘ಬೇಡ’ ಎಂದ ಪ್ರದೇಶಗಳು ಎರಡೇ. ಎರಡೂ ಸ್ಕಾಟ್ಲೆಂಡಿನವು: ಶೆಟ್ಲೆಂಡ್ ಮತ್ತು ಪಡುವಣ ದ್ವೀಪಗಳು. ಹೌದು, ಮೆಕೆಂಜಿಯ ಊರಿರುವ ದ್ವೀಪಗಳೇ.

ಹಾಗಿದ್ದ ಪಕ್ಷ 1988ರಲ್ಲಿ ‘ಯುರೋಪಿನೊಳಗೆ ಸ್ವಾತಂತ್ರ್ಯ’ ಎಂಬ ಹೊಸ ಘೋಷಣೆ ಹಿಡಿಯಿತು. ಜಿಮ್ ಸಿಲ್ಲರ್ಸ್ ಅದರ ಹಿಂದಿನ ದೊಡ್ಡ ದನಿ. ಈ ಬದಲಾವಣೆಗೆ ಎರಡು ಕಾರಣ ಇದ್ದವು. ಮೊದಲನೆಯದು ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಕಾಲದ ಸಿಟ್ಟು. ಸ್ಕಾಟ್ಲೆಂಡ್ ಚುನಾವಣೆಯಿಂದ ಚುನಾವಣೆಗೆ ಅವರ ಪಕ್ಷವನ್ನು ತಿರಸ್ಕರಿಸುತ್ತಿತ್ತು, ಆದರೂ ಸರ್ಕಾರ ಅವರದೇ ಇರುತ್ತಿತ್ತು. ತಲೆಗಂದಾಯವನ್ನು ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲೇ, 1989ರಲ್ಲಿ, ಸ್ಕಾಟ್ಲೆಂಡಿನ ಮೇಲೆ ಹೇರಿದರು. ಎರಡನೆಯ ಕಾರಣ ಜಾಸ್ತಿ ಮುಖ್ಯ. ಪ್ರತ್ಯೇಕವಾದರೆ ಒಂಟಿಯಾಗುತ್ತೇವೆ, ಮಾರುಕಟ್ಟೆ ಕಳೆದುಕೊಳ್ಳುತ್ತೇವೆ ಎಂಬ ಭಯವೇ ಜನರನ್ನು ಹಿಡಿದಿಟ್ಟಿತ್ತು. ಯುರೋಪಿನ ಒಂದೇ ಮಾರುಕಟ್ಟೆ ಆ ಭಯಕ್ಕೆ ಮದ್ದಾಯಿತು. ಇಂಗ್ಲೆಂಡೂ ಅದೇ ಮಾರುಕಟ್ಟೆಯಲ್ಲಿ, ನಾವೂ ಅದೇ ಮಾರುಕಟ್ಟೆಯಲ್ಲಿ. ನಡುವೆ ಗೋಡೆ ಏಳುವ ಮಾತೇ ಇಲ್ಲ.

ಈಗ ಪಾಸ್‌ಬುಕ್ಕಿನ ಲೆಕ್ಕ. ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿದ್ದ ಕೊನೆಯ ವರ್ಷಗಳಲ್ಲಿ ಸ್ಕಾಟ್ಲೆಂಡಿನಿಂದ ಯುರೋಪ್ ಸಂಸತ್ತಿಗೆ ಹೋಗುತ್ತಿದ್ದ ಸದಸ್ಯರು 6. ಅಲ್ಲಿನ ಜನಸಂಖ್ಯೆ ಸುಮಾರು 55 ಲಕ್ಷ, ಬೆಂಗಳೂರಿನ ಅರ್ಧವೂ ಅಲ್ಲ. ಸುಮಾರು 5 ಲಕ್ಷ ಜನರಿರುವ ಮಾಲ್ಟಾ ಎಂಬ ದ್ವೀಪಕ್ಕೂ 6 ಸದಸ್ಯರು. ಹೆಚ್ಚುಕಡಿಮೆ ಸ್ಕಾಟ್ಲೆಂಡಿನಷ್ಟೇ ಜನರಿರುವ ಡೆನ್ಮಾರ್ಕ್‌ಗೆ 13. ಸಂಸತ್ತಿಗಿಂತ ಸದಸ್ಯ ದೇಶಗಳ ಮಂತ್ರಿಗಳು ಕೂರುವ ಮಂಡಳಿಯಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಅಲ್ಲಿ ಮಾಲ್ಟಾಕ್ಕೆ ಒಂದು ಕುರ್ಚಿ, ಡೆನ್ಮಾರ್ಕ್‌ಗೆ ಒಂದು ಕುರ್ಚಿ. ತೆರಿಗೆ, ವಿದೇಶಾಂಗ ನೀತಿ, ಹೊಸ ಸದಸ್ಯರ ಸೇರ್ಪಡೆಯಂಥ ವಿಷಯಗಳಲ್ಲಿ ಎಲ್ಲರೂ ಒಪ್ಪಲೇಬೇಕು, ಅಂದರೆ ಮಾಲ್ಟಾ ‘ಬೇಡ’ ಎಂದರೂ ಕೆಲಸ ನಿಲ್ಲುತ್ತದೆ. ಸ್ಕಾಟ್ಲೆಂಡಿಗೆ ಸ್ವಂತ ಕುರ್ಚಿಯೇ ಇಲ್ಲ.

ಪ್ರತಿ ಡಿಸೆಂಬರ್‌ನಲ್ಲಿ ಯಾವ ದೇಶ ಎಷ್ಟು ಮೀನು ಹಿಡಿಯಬಹುದು ಎಂದು ಬ್ರಸೆಲ್ಸ್‌ನಲ್ಲಿ ಮಂತ್ರಿಗಳು ಕೂತು ಲೆಕ್ಕ ಹಾಕುತ್ತಾರೆ. ಬ್ರಿಟನ್ನಿನ ಮೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಿಡಿಯುವುದು ಸ್ಕಾಟ್ಲೆಂಡಿನ ದೋಣಿಗಳು. ಆದರೆ ಬ್ರಿಟನ್ನಿನ ಪರ ಕೂರುತ್ತಿದ್ದವರು ಲಂಡನ್ನಿನ ಮಂತ್ರಿ. ಸ್ಕಾಟ್ಲೆಂಡಿನ ಮಂತ್ರಿ ನಿಯೋಗದ ಜೊತೆ ಹೋಗಬಹುದಿತ್ತು. ಮಾತಾಡಿದರೂ ಲಂಡನ್ ಒಪ್ಪಿದ ನಿಲುವನ್ನೇ ಹೇಳಬೇಕಿತ್ತು. ಹಾಲು ಹಾಕುವವನು ಒಬ್ಬ, ಸಹಿ ಹಾಕುವವನು ಇನ್ನೊಬ್ಬ ಎಂದರೆ ಇದೇ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಇದರಿಂದ ಸ್ಕಾಟ್ಲೆಂಡಿನ ಮೀನುಗಾರರೆಲ್ಲ ಯುರೋಪ್ ಪ್ರೇಮಿಗಳಾದರು ಎಂದುಕೊಳ್ಳಬೇಡಿ. ಅವರಲ್ಲಿ ಬಹಳ ಜನಕ್ಕೆ ಬ್ರಸೆಲ್ಸ್‌ನ ಮೀನು ನೀತಿಯೇ ಶತ್ರು. ಈಶಾನ್ಯ ಕರಾವಳಿಯ ಮೀನುಗಾರಿಕೆ ಊರುಗಳಲ್ಲಿ ಬ್ರೆಕ್ಸಿಟ್‌ಗೆ, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟ ಬಿಡುವುದಕ್ಕೆ, ಒಳ್ಳೆಯ ಬೆಂಬಲ ಇತ್ತು.

ಸದಸ್ಯತ್ವದ ವಿಷಯ ಆಯಿತು. ಆದರೆ ಬೇರೆ ಮನೆ ಮಾಡಿದರೂ ಸಂಘದ ನಿಯಮ ಪಾಲಿಸಲೇಬೇಕಲ್ಲ, ಕೂಡು ಕುಟುಂಬದ ಕಟ್ಟುಪಾಡಿಗೂ ಇದಕ್ಕೂ ಏನು ವ್ಯತ್ಯಾಸ? ಇದಕ್ಕೆ ನನಗೆ ಸಿಕ್ಕ ಒಳ್ಳೆಯ ಉತ್ತರ ಎರಡು ಬಾಟಲಿಗಳ ಕಥೆಯಲ್ಲಿದೆ.

ಮೊದಲನೆಯದು ಹೆಂಡದ ಬಾಟಲಿ. ಸ್ಕಾಟ್ಲೆಂಡಿನಲ್ಲಿ ಕುಡಿತದಿಂದ ಸಾಯುವವರು ಜಾಸ್ತಿ. ಅಗ್ಗದ, ತೀರ ಅಮಲಿನ ಮದ್ಯವೇ ಇದಕ್ಕೆ ಮುಖ್ಯ ಕಾರಣ ಎಂದು, 1999ರಲ್ಲಿ ಮತ್ತೆ ಶುರುವಾದ ಅಲ್ಲಿನ ಸಂಸತ್ತು 2012ರಲ್ಲಿ ಒಂದು ಕಾನೂನು ಮಾಡಿತು. ಬಾಟಲಿಯಲ್ಲಿ ಎಷ್ಟು ಆಲ್ಕೋಹಾಲ್ ಇದೆಯೋ ಅದಕ್ಕೆ ತಕ್ಕಂತೆ ಕನಿಷ್ಠ ಬೆಲೆ ನಿಗದಿ ಮಾಡಬೇಕು. ವಿಸ್ಕಿ ತಯಾರಕರ ಸಂಘ ಕೋರ್ಟಿಗೆ ಹೋಯಿತು. ಬೇರೆ ದೇಶಗಳ ಅಗ್ಗದ ಮದ್ಯಕ್ಕೆ ಇದರಿಂದ ಅಡ್ಡಿಯಾಗುತ್ತದೆ, ಯುರೋಪಿನ ಮುಕ್ತ ಮಾರುಕಟ್ಟೆಯ ನಿಯಮ ಮುರಿಯುತ್ತದೆ ಎಂಬುದು ವಾದ. ವಿಷಯ ಐರೋಪ್ಯ ನ್ಯಾಯಾಲಯದವರೆಗೆ ಹೋಯಿತು. 2015ರ ಡಿಸೆಂಬರ್‌ನಲ್ಲಿ ಅದು ಹೇಳಿದ್ದು ಇಷ್ಟು: ಹೌದು, ಇದು ವ್ಯಾಪಾರಕ್ಕೆ ತಡೆ. ಆದರೆ ಜನರ ಆರೋಗ್ಯ ಕಾಪಾಡಲು ಇಷ್ಟು ತಡೆ ಬೇಕೇ ಬೇಕು, ತೆರಿಗೆಯಂಥ ಬೇರೆ ದಾರಿಯಿಂದ ಅದೇ ಫಲ ಬರುವುದಿಲ್ಲ ಎಂದು ತೋರಿಸಿದರೆ ಮಾಡಬಹುದು. ಆ ತೀರ್ಮಾನ ನಿಮ್ಮ ಕೋರ್ಟಿಗೇ ಬಿಟ್ಟದ್ದು. 2017ರ ನವೆಂಬರ್‌ನಲ್ಲಿ ಬ್ರಿಟನ್ ಸುಪ್ರೀಂ ಕೋರ್ಟ್ ಸ್ಕಾಟ್ಲೆಂಡಿನ ಪರ ತೀರ್ಪು ಕೊಟ್ಟಿತು. 2018ರ ಮೇ 1ರಿಂದ ಆಲ್ಕೋಹಾಲಿನ ಒಂದು ಯೂನಿಟ್‌ಗೆ (10 ಮಿಲಿಲೀಟರ್) ಕನಿಷ್ಠ 50 ಪೆನ್ಸ್ ಎಂಬ ನಿಯಮ ಜಾರಿಗೆ ಬಂತು. ಆರು ವರ್ಷ ಹೋಯಿತು. ಆ ಆರು ವರ್ಷ ಚಿಕ್ಕದಲ್ಲ. ಆದರೂ ದಾರಿ ಇತ್ತು. ಕಾರಣ ಕೊಡಿ, ಪುರಾವೆ ಕೊಡಿ, ಆಮೇಲೆ ಮಾಡಿ ಎಂಬ ದಾರಿ.

ಎರಡನೆಯದು ಖಾಲಿ ಬಾಟಲಿ. ಪಾನೀಯ ಕೊಂಡಾಗ 20 ಪೆನ್ಸ್ ಠೇವಣಿ ಕೊಡಬೇಕು, ಖಾಲಿ ಬಾಟಲಿ ಅಥವಾ ಡಬ್ಬಿ ವಾಪಸ್ ಕೊಟ್ಟಾಗ ಆ ದುಡ್ಡು ಹಿಂದಕ್ಕೆ. ನಮ್ಮಲ್ಲಿ ಮೊದಲು ಸೋಡಾ ಬಾಟಲಿಗೆ ಅಂಗಡಿಯವರು ಮಾಡುತ್ತಿದ್ದ ಹಾಗೆ. ಸ್ಕಾಟ್ಲೆಂಡ್ ಈ ಯೋಜನೆ ತಯಾರಿಸಿತು. ಪ್ಲಾಸ್ಟಿಕ್, ಲೋಹ, ಗಾಜು ಎಲ್ಲ ಸೇರಿತ್ತು. ಅಷ್ಟರಲ್ಲಿ ಬ್ರೆಕ್ಸಿಟ್ ಆಗಿತ್ತು. ಯುರೋಪಿನ ನಿಯಮದ ಜಾಗಕ್ಕೆ ಲಂಡನ್ 2020ರಲ್ಲಿ ಆಂತರಿಕ ಮಾರುಕಟ್ಟೆ ಕಾಯ್ದೆ ತಂದಿತ್ತು. ಸ್ಕಾಟ್ಲೆಂಡಿನ ಸಂಸತ್ತು ಒಪ್ಪಿಗೆ ಕೊಟ್ಟಿರಲಿಲ್ಲ. ಬ್ರಿಟನ್ನಿನ ಒಂದು ಭಾಗದಲ್ಲಿ ಮಾರಬಹುದಾದ ವಸ್ತುವನ್ನು ಉಳಿದ ಭಾಗಗಳಲ್ಲೂ ಮಾರಬಹುದು ಎಂಬುದು ಅದರ ಮೂಲ ನಿಯಮ. ಹಾಗಾದರೆ ಠೇವಣಿ ಇಲ್ಲದ ಇಂಗ್ಲೆಂಡಿನ ಬಾಟಲಿಯನ್ನು ಸ್ಕಾಟ್ಲೆಂಡ್ ತಡೆಯುವಂತಿಲ್ಲ. ವಿನಾಯಿತಿ ಬೇಕಾದರೆ ಲಂಡನ್ನಿನ ಮಂತ್ರಿಗಳನ್ನು ಕೇಳಬೇಕು. 2023ರ ಮೇನಲ್ಲಿ ಅವರು ವಿನಾಯಿತಿ ಕೊಟ್ಟರು, ಆದರೆ ಗಾಜು ಬಿಟ್ಟು. ಮುಂದಿನ ತಿಂಗಳೇ ಸ್ಕಾಟ್ಲೆಂಡ್ ಯೋಜನೆಯನ್ನು ಮುಂದೂಡಿತು. ಆ ಯೋಜನೆಯಲ್ಲಿ ಬೇರೆ ತೊಂದರೆಗಳೂ ಇದ್ದವು, ಸ್ಕಾಟ್ಲೆಂಡಿನ ಸಣ್ಣ ವ್ಯಾಪಾರಿಗಳೇ ದೂರುತ್ತಿದ್ದರು. ಆದರೆ ಗಾಜು ಬೇಕೋ ಬೇಡವೋ ಎಂದು ಕೊನೆಗೆ ತೀರ್ಮಾನ ಮಾಡಿದ್ದು ಎಡಿನ್‌ಬರೋ ಅಲ್ಲ.

ಎರಡೂ ಒಕ್ಕೂಟಗಳು ಸ್ಕಾಟ್ಲೆಂಡಿನ ಕೈ ತಡೆದವು. ಮೊದಲನೆಯದರಲ್ಲಿ ಎಲ್ಲ ಸದಸ್ಯರಿಗೂ ಒಂದೇ ನಿಯಮ, ತೂಗಿ ನೋಡಲು ಒಂದು ನ್ಯಾಯಾಲಯ. ಎರಡನೆಯದರಲ್ಲಿ ಆಟಗಾರನೂ ಪಂಚನೂ ಒಬ್ಬನೇ. ಇಂಗ್ಲೆಂಡಿನ ಆಡಳಿತ ನಡೆಸುವ ಸರ್ಕಾರವೇ ಇಡೀ ಬ್ರಿಟನ್ನಿನ ಸರ್ಕಾರವೂ ಹೌದು. ಜನಸಂಖ್ಯೆಯಲ್ಲಿ ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚು ಇಂಗ್ಲೆಂಡಿನದು. ಐರೋಪ್ಯ ಒಕ್ಕೂಟದಲ್ಲಿ ಜರ್ಮನಿ ಎಷ್ಟೇ ದೊಡ್ಡದಾದರೂ ಐದರಲ್ಲಿ ಒಂದು ಪಾಲು ದಾಟುವುದಿಲ್ಲ. ‘ಎರಡೂ ಒಕ್ಕೂಟವೇ ತಾನೇ’ ಎನ್ನುವವರು ಈ ಅಳತೆಯನ್ನು ಮರೆಯುತ್ತಾರೆ ಎಂದು ನನಗನ್ನಿಸುತ್ತದೆ. ಒಬ್ಬನೇ ಯಜಮಾನನಿರುವ ಮನೆಗೂ ಇಪ್ಪತ್ತೇಳು ಜನ ಕೂತು ಜಗಳವಾಡಿ ಒಪ್ಪುವ ಸಂಘಕ್ಕೂ ಬಹಳ ವ್ಯತ್ಯಾಸ ಇದೆ.

ಮತ್ತೆ 2014ಕ್ಕೆ ಹೋಗೋಣ. ಆ ಜನಮತಗಣನೆಗೆ ದಾರಿಯಾದದ್ದು ಒಂದು ಒಪ್ಪಂದ. 2011ರಲ್ಲಿ ಎಸ್‌ಎನ್‌ಪಿ ಸ್ಕಾಟ್ಲೆಂಡ್ ಸಂಸತ್ತಿನ 129 ಸ್ಥಾನಗಳಲ್ಲಿ 69 ಗೆದ್ದಿತು. 2012ರ ಅಕ್ಟೋಬರ್ 15ರಂದು ಪ್ರಧಾನಿ ಡೇವಿಡ್ ಕ್ಯಾಮರಾನ್, ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥ (ಫಸ್ಟ್ ಮಿನಿಸ್ಟರ್) ಅಲೆಕ್ಸ್ ಸಾಲ್ಮಂಡ್ ಎಡಿನ್‌ಬರೋದಲ್ಲಿ ಸಹಿ ಹಾಕಿದರು. ಫಲಿತಾಂಶ ಏನೇ ಬಂದರೂ ಇಬ್ಬರೂ ಗೌರವಿಸಬೇಕು ಎಂದು ಬರೆದುಕೊಂಡರು. ಗುಂಡು ಹಾರಲಿಲ್ಲ, ಯಾರೂ ಜೈಲಿಗೆ ಹೋಗಲಿಲ್ಲ. ನೂರಕ್ಕೆ 84.6 ಜನ ಮತ ಹಾಕಿದರು. 55.3 ಪಾಲು ‘ಇಲ್ಲ’ ಎಂದರು, 44.7 ಪಾಲು ‘ಹೌದು’ ಎಂದರು.

ಆ ಪ್ರಚಾರದಲ್ಲಿ ಯುರೋಪ್ ದೊಡ್ಡ ಪ್ರಶ್ನೆಯಾಗಿತ್ತು. ಒಂದು ಸದಸ್ಯ ದೇಶವೇ ಎರಡಾದರೆ ಹೊಸ ತುಂಡಿನ ಸದಸ್ಯತ್ವ ಏನಾಗುತ್ತದೆ ಎಂದು ಒಕ್ಕೂಟದ ಒಪ್ಪಂದಗಳಲ್ಲಿ ಎಲ್ಲೂ ಬರೆದಿಲ್ಲ. ಬರೆದವರು ಆ ಬಗ್ಗೆ ಯೋಚಿಸಿರಲೇ ಇಲ್ಲವೇನೋ. ಎಸ್‌ಎನ್‌ಪಿ ಸರ್ಕಾರ 48ನೇ ವಿಧಿಯ ದಾರಿ ಹೇಳಿತು. ಅಂದರೆ ಒಳಗಿದ್ದುಕೊಂಡೇ ಒಪ್ಪಂದಕ್ಕೆ ತಿದ್ದುಪಡಿ ಮಾಡಿ ಸ್ಕಾಟ್ಲೆಂಡಿನ ಹೆಸರು ಸೇರಿಸುವುದು. ಎದುರಿನವರು 49ನೇ ವಿಧಿ ತೋರಿಸಿದರು. ಹೊರಗೆ ಹೋಗಿ ಹೊಸಬರಂತೆ ಅರ್ಜಿ ಹಾಕಬೇಕು. ಯಾವ ದಾರಿಯಾದರೂ ಎಲ್ಲ ಸದಸ್ಯ ದೇಶಗಳೂ ಒಪ್ಪಬೇಕು. ಸ್ಪೇನ್ ಒಪ್ಪುತ್ತದಾ? ಬೇರೆಯಾಗಬೇಕು ಎನ್ನುವ ತನ್ನ ಕ್ಯಾಟಲೋನಿಯಾ ಪ್ರಾಂತಕ್ಕೆ ದಾರಿ ತೋರಿಸಿದಂತಾಗುತ್ತದೆ ಎಂಬ ಭಯ ಅದಕ್ಕೆ. ಐರೋಪ್ಯ ಆಯೋಗದ ಅಧ್ಯಕ್ಷರಾಗಿದ್ದ ಬರೋಸೊ, ಇದು ತೀರ ಕಷ್ಟ, ಬಹುಶಃ ಅಸಾಧ್ಯ ಎಂದುಬಿಟ್ಟರು. ‘ಯುರೋಪಿನಲ್ಲಿ ಉಳಿಯಬೇಕಾದರೆ ಬ್ರಿಟನ್ನಿನಲ್ಲಿ ಉಳಿಯಿರಿ’ ಎಂಬುದು ‘ಇಲ್ಲ’ ಬಣದ ಬಲವಾದ ವಾದವಾಯಿತು.

ಎರಡೇ ವರ್ಷ. 2016ರ ಜೂನ್ 23ರಂದು ಬ್ರೆಕ್ಸಿಟ್ ಮತದಾನ. ಇಡೀ ಬ್ರಿಟನ್ ನೂರಕ್ಕೆ 51.9ರಷ್ಟು ಮತದಿಂದ ಹೊರಹೋಗಲು ತೀರ್ಮಾನಿಸಿತು. ಸ್ಕಾಟ್ಲೆಂಡಿನಲ್ಲಿ 62ರಷ್ಟು ಜನ ‘ಉಳಿಯೋಣ’ ಎಂದಿದ್ದರು. ಅಲ್ಲಿನ 32 ಸ್ಥಳೀಯ ಆಡಳಿತ ಪ್ರದೇಶಗಳಲ್ಲಿ ಒಂದೂ ಬೇರೆ ಮಾತಾಡಲಿಲ್ಲ. 1975ರಲ್ಲಿ ‘ಬೇಡ’ ಎಂದಿದ್ದ ಶೆಟ್ಲೆಂಡ್, ಪಡುವಣ ದ್ವೀಪಗಳೂ ಈಗ ‘ಬೇಕು’ ಎಂದವು. ಈ ಮತದಾನದಲ್ಲಿ ಗ್ಲಾಸ್ಗೋದ ಭಾರತೀಯರಿಗೆ ಹಕ್ಕಿತ್ತು. ಪಕ್ಕದ ಮನೆಯ ಪೋಲೆಂಡಿನವರಿಗೆ ಇರಲಿಲ್ಲ. ತಾವು ಅಲ್ಲಿ ಹೇಗೆ ಬದುಕಬೇಕು ಎಂಬುದನ್ನೇ ತೀರ್ಮಾನಿಸುವ ದಿನ ಅವರು ಬಾಗಿಲ ಹೊರಗೆ ನಿಂತಿದ್ದರು.

ದೊಡ್ಡಣ್ಣ ಸಂಘಕ್ಕೆ ರಾಜೀನಾಮೆ ಕೊಟ್ಟ. ಪಾಸ್‌ಬುಕ್ ಅವನ ಹೆಸರಲ್ಲಿದ್ದುದರಿಂದ ತಮ್ಮನ ಸದಸ್ಯತ್ವವೂ ಹೋಯಿತು. 2020ರ ಜನವರಿ 31ರ ರಾತ್ರಿ ಬ್ರಿಟನ್ ಹೊರಬಂತು.

ಇಲ್ಲೇ ಈ ಕಥೆಯ ಅತಿ ಕಷ್ಟದ ಗಂಟು ಇರುವುದು. ಬ್ರೆಕ್ಸಿಟ್‌ನಿಂದ ಬೇರೆಯಾಗಲು ಕಾರಣ ಬಲವಾಯಿತು. ಅದೇ ಹೊತ್ತಿಗೆ ಬೇರೆಯಾಗುವುದು ಹಿಂದೆಂದಿಗಿಂತ ಕಷ್ಟವೂ ಆಯಿತು. 2014ರಲ್ಲಿ ‘ಹೌದು’ ಗೆದ್ದಿದ್ದರೆ, ಯುರೋಪಿನ ಒಪ್ಪಿಗೆ ಸಿಕ್ಕಿದ್ದರೆ, ಎರಡೂ ಮನೆಗಳು ಒಂದೇ ಸಂಘದಲ್ಲಿ ಇರುತ್ತಿದ್ದವು. ಈಗ ಹಾಗಿಲ್ಲ. ಇಂಗ್ಲೆಂಡ್ ಹೊರಗೆ, ಸ್ಕಾಟ್ಲೆಂಡ್ ಒಳಗೆ ಎಂದಾದರೆ ಎರಡರ ನಡುವಿನ ಸುಮಾರು 154 ಕಿಲೋಮೀಟರ್ ಗಡಿ ಇಡೀ ಐರೋಪ್ಯ ಒಕ್ಕೂಟದ ಹೊರಗಡಿಯಾಗುತ್ತದೆ. ಸರಕು ತಪಾಸಣೆ, ಸುಂಕದ ಕಾಗದಪತ್ರ ಬರುತ್ತವೆ. ಸ್ಕಾಟ್ಲೆಂಡ್ ಹೊರಗೆ ಮಾರುವುದರಲ್ಲಿ ನೂರಕ್ಕೆ ಸುಮಾರು 60 ಪಾಲು ಹೋಗುವುದು ಬ್ರಿಟನ್ನಿನ ಉಳಿದ ಭಾಗಗಳಿಗೆ. ಐರೋಪ್ಯ ಒಕ್ಕೂಟಕ್ಕೆ ಹೋಗುವುದು 20 ಪಾಲು ಕೂಡ ಇಲ್ಲ. ಜನರ ಓಡಾಟಕ್ಕೆ ಐರ್ಲೆಂಡ್–ಬ್ರಿಟನ್ ನಡುವೆ ಇರುವಂಥ ವ್ಯವಸ್ಥೆ ಮಾಡಿಕೊಳ್ಳಬಹುದು. ಲಾರಿಗಳಿಗೆ ಹಾಗೆ ಮಾಡುವುದು ಸುಲಭವಿಲ್ಲ.

ಹಣದ ಪ್ರಶ್ನೆ ಬೇರೆ. ಹೊಸದಾಗಿ ಸೇರುವ ದೇಶ ಮುಂದೊಂದು ದಿನ ಯೂರೋ ಬಳಸುತ್ತೇನೆ ಎಂದು ಒಪ್ಪಬೇಕು. ಸ್ವೀಡನ್ ಹಾಗೆ ಒಪ್ಪಿಯೂ ಇವತ್ತಿನವರೆಗೆ ಕ್ರೋನಾ ಬಿಟ್ಟಿಲ್ಲ, ಹಾಗಾಗಿ ಅದು ಕೊರಳಿಗೆ ಬರುವ ಮಾತಲ್ಲ. ಆದರೆ ಲಂಡನ್ನಿನ ಪೌಂಡನ್ನೇ ಬಳಸುತ್ತಾ ಒಳಗೆ ಬರುವುದು ಕಷ್ಟ. ಸರ್ಕಾರದ ಕೊರತೆ ಆರ್ಥಿಕತೆಯ ನೂರಕ್ಕೆ 3 ಪಾಲಿನೊಳಗೆ ಇರಬೇಕು ಎಂಬ ನಿಯಮವೂ ಇದೆ. ಸ್ಕಾಟ್ಲೆಂಡ್ ಸರ್ಕಾರವೇ ಪ್ರಕಟಿಸುವ ಲೆಕ್ಕದಲ್ಲಿ ಕೊರತೆ ಅದಕ್ಕಿಂತ ಬಹಳ ಮೇಲಿದೆ. ಬೇರೆಯಾದ ದೇಶದ ಲೆಕ್ಕ ಬೇರೆಯೇ ಇರುತ್ತದೆ ಎಂದು ಎಸ್‌ಎನ್‌ಪಿ ಹೇಳುವುದರಲ್ಲಿ ಸ್ವಲ್ಪ ಸತ್ಯ ಇದೆ. ಪೂರ್ತಿ ಉತ್ತರ ಅದಲ್ಲ. ಈ ಕನಸಿನ ಬಗ್ಗೆ ನನಗೆ ಮಮತೆ ಇದೆ. ಅದಕ್ಕೇ ಹೇಳುತ್ತಿದ್ದೇನೆ: ಗಡಿಯ ಲಾರಿ, ಜೇಬಿನ ನೋಟು ಈ ಎರಡರ ಬಗ್ಗೆ ಮತದಾನಕ್ಕೆ ಮೊದಲೇ ಜನರಿಗೆ ಬಿಡಿಸಿ ಹೇಳಬೇಕು. 2016ರಲ್ಲಿ ಬ್ರೆಕ್ಸಿಟ್‌ನವರು ಹಾಗೆ ಹೇಳಲಿಲ್ಲ. ಅದರ ಬೆಲೆ ಕೊಟ್ಟವರು ಮಾಮೂಲಿ ಜನ.

ಸರಿ, ಮತ್ತೊಮ್ಮೆ ಜನರನ್ನೇ ಕೇಳಬಹುದಲ್ಲ? ಕೇಳುವ ಅಧಿಕಾರ ಯಾರಿಗಿದೆ ಎಂಬುದೇ ಜಗಳ. 2022ರ ನವೆಂಬರ್ 23ರಂದು ಬ್ರಿಟನ್ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟರು. ಲಂಡನ್ ಒಪ್ಪದೆ ಸ್ಕಾಟ್ಲೆಂಡಿನ ಸಂಸತ್ತು ಜನಮತಗಣನೆಗೆ ಕಾನೂನು ಮಾಡುವಂತಿಲ್ಲ. ಫಲಿತಾಂಶ ಸಲಹೆಯಷ್ಟೇ ಎಂದರೂ ಆಗದು. ತೀರ್ಪು ಓದಿದ ಅಧ್ಯಕ್ಷ ಲಾರ್ಡ್ ರೀಡ್ ಸ್ವತಃ ಸ್ಕಾಟ್ಲೆಂಡಿನವರು.

ಇಲ್ಲಿ ಮೂರು ಬಗೆಯ ಒಕ್ಕೂಟಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ನಮ್ಮ ಸಂವಿಧಾನದ 1ನೇ ವಿಧಿ ಭಾರತವನ್ನು ‘ರಾಜ್ಯಗಳ ಒಕ್ಕೂಟ’ ಎನ್ನುತ್ತದೆ. ಇದು ರಾಜ್ಯಗಳು ಕೂತು ಮಾಡಿಕೊಂಡ ಒಪ್ಪಂದವಲ್ಲ, ಯಾವ ರಾಜ್ಯಕ್ಕೂ ಬಿಟ್ಟುಹೋಗುವ ಹಕ್ಕಿಲ್ಲ ಎಂದು ಅಂಬೇಡ್ಕರ್ 1948ರಲ್ಲೇ ಸಂವಿಧಾನ ಸಭೆಯಲ್ಲಿ ಬಿಡಿಸಿ ಹೇಳಿದ್ದರು. ಬದಲಿಗೆ 3ನೇ ವಿಧಿಯ ಪ್ರಕಾರ ಸಂಸತ್ತು ರಾಜ್ಯಗಳ ಗಡಿ ಬದಲಿಸಬಹುದು, ಹೊಸ ರಾಜ್ಯ ಮಾಡಬಹುದು. ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರು 1956ರಲ್ಲಿ ಒಂದೇ ರಾಜ್ಯಕ್ಕೆ ಬಂದದ್ದು ಇದೇ ಸಂಸತ್ತಿನ ಕಾನೂನಿನಿಂದ. ಐರೋಪ್ಯ ಒಕ್ಕೂಟ ಇದಕ್ಕೆ ತದ್ವಿರುದ್ಧ. ಅದು ದೇಶಗಳು ಮಾಡಿಕೊಂಡ ಒಪ್ಪಂದ, ಹೊರಹೋಗುವ ಬಾಗಿಲನ್ನು 50ನೇ ವಿಧಿ ಬರೆದೇ ಇಟ್ಟಿದೆ. ಆದರೆ ಸದಸ್ಯ ದೇಶದ ಒಳಗಿನ ಗಡಿಯನ್ನು ಅದು ಮುಟ್ಟುವಂತಿಲ್ಲ. ಬ್ರಿಟನ್ ಎರಡರ ನಡುವೆ ಇದೆ. ಅಲ್ಲಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟ ಸಂವಿಧಾನ ಇಲ್ಲ. ಬಾಗಿಲು ಇದೆ, 2014ರಲ್ಲಿ ತೆರೆದದ್ದೂ ಆಯಿತು. ಬೀಗದ ಕೈ ಮಾತ್ರ ಲಂಡನ್ನಿನಲ್ಲಿದೆ.

ಬಾಗಿಲೇ ಇಲ್ಲ ಎನ್ನುವ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಕ್ಯಾಟಲೋನಿಯಾ ನೋಡಿದೆ. ಸ್ಪೇನ್ ಸಂವಿಧಾನ ದೇಶವನ್ನು ಒಡೆಯಲಾಗದ ಒಂದು ಘಟಕ ಎನ್ನುತ್ತದೆ. 2017ರ ಅಕ್ಟೋಬರ್ 1ರಂದು ಕ್ಯಾಟಲೋನಿಯಾ ಸರ್ಕಾರ ನಿಷೇಧ ಮೀರಿ ಜನಮತಗಣನೆ ನಡೆಸಿದಾಗ ಪೊಲೀಸರು ಮತಗಟ್ಟೆಗಳಿಗೆ ನುಗ್ಗಿದರು. ಮ್ಯಾಡ್ರಿಡ್ ಆ ಸರ್ಕಾರವನ್ನೇ ವಜಾ ಮಾಡಿತು. 2019ರಲ್ಲಿ ಒಂಬತ್ತು ನಾಯಕರಿಗೆ 9ರಿಂದ 13 ವರ್ಷ ಜೈಲು ಶಿಕ್ಷೆಯಾಯಿತು, 2021ರಲ್ಲಿ ಕ್ಷಮೆ ಸಿಕ್ಕಿತು. ಇದೆಲ್ಲ ಸ್ಪೇನ್‌ನ ಒಳಗಿನ ವಿಷಯ ಎಂದು ಬ್ರಸೆಲ್ಸ್ ದೂರ ನಿಂತಿತು. ಸ್ಕಾಟ್ಲೆಂಡಿನ ಬಗ್ಗೆ ಮಾತ್ರ ಸ್ಪೇನ್ ಆಮೇಲೆ ಮೆತ್ತಗಾಯಿತು. ಲಂಡನ್ ಒಪ್ಪಿ, ಕಾನೂನು ಪ್ರಕಾರ ಬೇರೆಯಾದರೆ ತಮ್ಮ ಅಡ್ಡಿ ಇಲ್ಲ ಎಂದು ವಿದೇಶಾಂಗ ಮಂತ್ರಿ ಜೋಸೆಪ್ ಬೊರೆಲ್ 2018ರಲ್ಲಿ ಹೇಳಿದರು.

ಬೇರೆ ಮನೆ ಮಾಡದೆಯೇ ದನಿ ಪಡೆದವರೂ ಇದ್ದಾರೆ. ಬೆಲ್ಜಿಯಂನ ವಲೋನಿಯಾ ಪ್ರಾಂತದಲ್ಲಿ ಇರುವುದು ಸುಮಾರು 36 ಲಕ್ಷ ಜನ. 2016ರ ಅಕ್ಟೋಬರ್‌ನಲ್ಲಿ ಐರೋಪ್ಯ ಒಕ್ಕೂಟ ಕೆನಡಾ ಜೊತೆ ದೊಡ್ಡ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಬೇಕಿತ್ತು. ವಲೋನಿಯಾದ ಸಂಸತ್ತು ಬೇಡ ಎಂದಿತು. ಬೆಲ್ಜಿಯಂ ಸಂವಿಧಾನದಲ್ಲಿ ಪ್ರಾಂತಗಳ ಒಪ್ಪಿಗೆ ಇಲ್ಲದೆ ಕೇಂದ್ರ ಇಂಥ ಒಪ್ಪಂದಕ್ಕೆ ಹೂಂಗುಟ್ಟುವಂತಿಲ್ಲ. ಬೆಲ್ಜಿಯಂ ಒಪ್ಪದೆ ಯುರೋಪ್ ಸಹಿ ಹಾಕುವಂತಿಲ್ಲ. ವಲೋನಿಯಾದ ಸಂಸತ್ತಿರುವ ನಾಮೂರ್ ಎಂಬ ಸಣ್ಣ ಊರಿನ ಸಭೆಯ ಮುಂದೆ 50 ಕೋಟಿ ಜನರ ಒಕ್ಕೂಟ ಕಾದು ನಿಂತಿತು. ವಿವರಣೆ, ಭರವಸೆ ಬರೆಸಿಕೊಂಡ ಮೇಲೆಯೇ ಅವರು ಒಪ್ಪಿದ್ದು. ಸ್ಕಾಟ್ಲೆಂಡಿಗೆ ಬ್ರಿಟನ್ನಿನೊಳಗೇ ಇಂಥ ಹಕ್ಕು ಇದ್ದಿದ್ದರೆ, ಬ್ರೆಕ್ಸಿಟ್ ಹೇಗಿರಬೇಕು ಎಂಬ ಮಾತುಕತೆಯಲ್ಲಿ ಅದರ ಒಪ್ಪಿಗೆಯೂ ಬೇಕಾಗುತ್ತಿತ್ತು. ಸ್ಕಾಟ್ಲೆಂಡಿನ ಅಧಿಕಾರಕ್ಕೆ ಸೇರಿದ ವಿಷಯದಲ್ಲಿ ಅದನ್ನು ಕೇಳದೆ ಲಂಡನ್ ಸಾಮಾನ್ಯವಾಗಿ ಕಾನೂನು ಮಾಡುವುದಿಲ್ಲ ಎಂಬ ಒಂದು ರೂಢಿ ಅಲ್ಲಿದೆ. ಅದು ರಾಜಕೀಯದ ರೂಢಿ, ಕೋರ್ಟು ಜಾರಿ ಮಾಡುವಂಥದ್ದಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಕೈತಪ್ಪಿದ ದೊಡ್ಡ ಅವಕಾಶ ಇದೇ. ಆ ರೂಢಿಯನ್ನು ಗಟ್ಟಿ ಕಾನೂನು ಮಾಡಿದ್ದರೆ ತಮ್ಮ ಬೇರೆ ಒಲೆಯ ಮಾತನ್ನು ಇಷ್ಟು ಜೋರಾಗಿ ಆಡುತ್ತಿದ್ದನೋ ಇಲ್ಲವೋ.

ಬ್ರಿಟನ್ ಹೊರಬೀಳುವುದಕ್ಕೆ ಎರಡು ದಿನ ಮೊದಲು, 2020ರ ಜನವರಿ 29ರಂದು, ಎಡಿನ್‌ಬರೋದ ಹೋಲಿರೂಡ್ ಸಂಸತ್ತಿನಲ್ಲಿ ಒಂದು ಬಾವುಟದ ಚರ್ಚೆ ನಡೆಯಿತು. ಸಂಸತ್ತಿನ ಹೊರಗೆ ಹಾರುತ್ತಿದ್ದ ನೀಲಿ ಬಣ್ಣದ, ಹನ್ನೆರಡು ಹಳದಿ ನಕ್ಷತ್ರಗಳ ಯುರೋಪ್ ಬಾವುಟವನ್ನು ಇಳಿಸಬೇಕು ಎಂದು ಆಡಳಿತ ಸಮಿತಿ ಮೊದಲೇ ತೀರ್ಮಾನಿಸಿತ್ತು. ಸದಸ್ಯರು ಮತ ಹಾಕಿ ಆ ತೀರ್ಮಾನ ಬದಲಿಸಿದರು. 31ರ ರಾತ್ರಿ 11 ಗಂಟೆಗೆ ಬ್ರಿಟನ್ನಿನ ಸದಸ್ಯತ್ವ ಮುಗಿಯಿತು. ಹೋಲಿರೂಡ್ ಮುಂದೆ ಆ ಬಾವುಟ ಹಾಗೇ ಇತ್ತು.